ಶಟರಿನ ಒಳಗಿನ ಸದ್ದು

ಮಾರ್ಚ್ 3, ಸೋಮವಾರ

ಯಾವ ಅಂಗಡಿಯ ಶಟರಿಗೆ ಯಾವ ಸ್ಪ್ರಿಂಗ್ ಹಾಕಿದೆ ಎಂದು ಗುರುತಿಟ್ಟುಕೊಳ್ಳುವುದಕ್ಕೆ ಇರುವ ಪುಸ್ತಕ ಇದು. ಇವತ್ತು ಬೇರೆ ಏನೋ ಬರೆಯುತ್ತಿದ್ದೇನೆ. ಬರೆಯದಿದ್ದರೆ ಯಾರ ಮೇಲಾದರೂ ಕೂಗಾಡಿಬಿಡುತ್ತೇನೆ.

ಮಗಳು ನಾಟಕಕ್ಕೆ ಸೇರಿದ್ದಾಳಂತೆ. ಹೇಳಿದ್ದು ಅವಳಲ್ಲ, ಅವಳಮ್ಮ. ಹದಿನೈದು ವರ್ಷದ ಹುಡುಗಿಗೆ ಅಪ್ಪನ ಹತ್ತಿರ ಬಂದು ಒಂದು ಮಾತು ಹೇಳಲು ಏನು ಕಷ್ಟ? ಎರಡು ಮೂರು ವರ್ಷದಿಂದ ಹೀಗೇ. ಊಟ ಆಯ್ತಾ ಅಂದರೆ ಹೂಂ, ಓದಿದೆಯಾ ಅಂದರೆ ಹೂಂ. ವಯಸ್ಸು ಹಾಗೆ ಎಂದು ಎಲ್ಲರೂ ಹೇಳುತ್ತಾರೆ. ಇರಬಹುದು.

ನಾಟಕವಾದರೂ ಎಂಥದ್ದು! ಮೂರು ವರ್ಷದ ಹಿಂದೆ ಸಂತೆ ಮೈದಾನ ಯಾರಿಗೆ ಸೇರಬೇಕು ಎಂದು ಸೇತುವೆಯ ಆಚೆಯವರಿಗೂ ಈಚೆಯವರಿಗೂ ಗಲಾಟೆ ಆಯಿತಲ್ಲ, ಅದನ್ನೇ ಆಡುತ್ತಾರಂತೆ. ಅದೂ ಆಚೆಯವರು ಈಚೆಯವರು ಒಟ್ಟಿಗೆ ನಿಂತು. ಯಾರೋ ಒಬ್ಬ ಮೇಡಂ ಹೊರಗಿನಿಂದ ಬಂದು ಇದನ್ನೆಲ್ಲ ಶುರು ಮಾಡಿದ್ದಾರೆ. ಆರಿದ ಒಲೆ ಕೆದಕುವುದಕ್ಕೆ ಊರ ಹೊರಗಿನವರೇ ಬೇಕು.

"ನಾನು ಬೇಡ ಅಂದ್ರೆ?" ಅಂದೆ ಹೆಂಡತಿಗೆ.

"ಅದನ್ನ ನೀವೇ ಅವಳಿಗೆ ಹೇಳ್ರೀ. ನನ್ನನ್ಯಾಕೆ ಮಧ್ಯೆ ಎಳೀತೀರಿ?" ಅಂದಳು ಬಟ್ಟೆ ಮಡಿಸುತ್ತಾ.

ಹೇಳುತ್ತೇನೆ. ನಾಳೆ.

ಮಾರ್ಚ್ 5, ಬುಧವಾರ

ಹೇಳಲಿಲ್ಲ. ಅದರ ಬದಲು ಸಂಜೆ ಅಂಗಡಿ ಬೇಗ ಮುಚ್ಚಿ, ಅವಳನ್ನು ಕೈಹಿಡಿದು ಎಳೆದುಕೊಂಡು ಬರೋಣ ಎಂದು ನೇರವಾಗಿ ಸೇತುವೆ ಪಕ್ಕದ ಹಳೇ ಗೋದಾಮಿಗೆ ಹೋದೆ.

ಒಳಗೆ ಒಂದು ಉದ್ದ ಕರಿಪರದೆ. ಪರದೆಯ ಹಿಂದೆ ಮೇಜಿನ ಮೇಲೆ ಬಕೀಟು, ಸೈಕಲ್ ಗಂಟೆ, ತಗಡು, ತೆಂಗಿನ ಚಿಪ್ಪು, ಏನೇನೋ. ಮಗಳು ಒಂದು ತಟ್ಟೆಯಲ್ಲಿ ಜಲ್ಲಿ ಹರಡಿಕೊಂಡು ಅದರ ಮೇಲೆ ನಿಂತಲ್ಲೇ ಓಡುತ್ತಿದ್ದಳು. ಕಣ್ಣು ಮುಚ್ಚಿ ಕೇಳಿದರೆ ಯಾರೋ ಬೀದಿಯಲ್ಲಿ ಓಡಿದ ಹಾಗೇ ಇತ್ತು. ನನ್ನನ್ನು ನೋಡಿ ನಿಲ್ಲಲಿಲ್ಲ.

ಇದು ಕೇಳುವ ನಾಟಕವಂತೆ, ನೋಡುವುದಕ್ಕೆ ಏನೂ ಇಲ್ಲ. ಎರಡೂ ಕಡೆಯ ಹಿರಿಯರು ಒಂದೇ ಷರತ್ತು ಹಾಕಿದ್ದಾರೆ: ಯಾರ ಮುಖವೂ ಕಾಣಬಾರದು, ಯಾರ ಹೆಸರೂ ಬರಬಾರದು. ತಮ್ಮವರು ಅವರ ಪಕ್ಕದಲ್ಲಿ ನಿಂತದ್ದನ್ನು ಯಾರೂ ನೋಡಬಾರದಲ್ಲ! ಹಾಗಾಗಿ ಇಡೀ ನಾಟಕ ಪರದೆಯ ಹಿಂದೆ, ಬರೀ ದನಿ ಮತ್ತು ಸದ್ದು. ನಗು ಬಂತು. ಜಗಳ ಆಡುವಾಗ ಮುಖ ತೋರಿಸಿದ ಜನ ಈಗ ಮುಖ ಮುಚ್ಚಿಕೊಳ್ಳುತ್ತಾರೆ.

ಮೂಲೆಯಲ್ಲಿ ಸ್ಟೂಲಿನ ಮೇಲೆ ಗಡಿಯಾರದವನು ಕೂತಿದ್ದ, ಮೊದಲು ನಮ್ಮ ಬೀದಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವನು. ನಾನು ಅವನನ್ನು ನೋಡಿದೆ. ಅವನೂ ನೋಡಿದ. ನಾನು ತಗಡಿನ ಕಡೆ ತಿರುಗಿದೆ.

ಅಷ್ಟರಲ್ಲಿ ಮೇಡಂ ಆ ತಗಡನ್ನು ಕೋಲಿನಿಂದ ಹೊಡೆದು, "ಇದು ಶಟರ್ ಸದ್ದು. ಹೇಗಿದೆ?" ಅಂದರು.

"ಡಬ್ಬ ಹೊಡೆದ ಹಾಗಿದೆ," ಅಂದೆ. ಬಾಯಿ ತಡೆಯಲಿಲ್ಲ. ಇಪ್ಪತ್ತೆರಡು ವರ್ಷ ಶಟರ್ ಕೆಲಸ ಮಾಡಿದವನ ಮುಂದೆ ತಗಡು ಹೊಡೆದು ಶಟರ್ ಅಂದರೆ ಕೇಳಿಕೊಂಡಿರಬೇಕಾ?

"ಹಾಗಾದರೆ ನೀವೇ ಒಂದು ತಂದುಕೊಡಿ," ಅಂದರು ಆಯಮ್ಮ, ತಣ್ಣಗೆ.

ಮಗಳನ್ನು ಕರೆದುಕೊಂಡು ಬರಲು ಹೋದವನು ಶಟರ್ ತಂದುಕೊಡುತ್ತೇನೆ ಎಂದು ಒಪ್ಪಿ ಬಂದಿದ್ದೇನೆ. ನನ್ನ ಬುದ್ಧಿಗೆ ಏನು ಹೇಳಲಿ.

ಮಾರ್ಚ್ 9, ಭಾನುವಾರ

ಹಳೇ ಶಟರೊಂದನ್ನು ಕತ್ತರಿಸಿ, ಕಬ್ಬಿಣದ ಚೌಕಟ್ಟಿಗೆ ಕೂರಿಸಿ, ಗೋದಾಮಿಗೆ ಸಾಗಿಸಿದೆ. ಎತ್ತಿದರೆ ಏಳುತ್ತದೆ, ಬಿಟ್ಟರೆ ಇಳಿಯುತ್ತದೆ. ಎಲ್ಲರೂ ಸುತ್ತ ಸೇರಿದರು. ಆಚೆ ಬೀದಿಯ ಒಬ್ಬ ನರ್ಸಮ್ಮ, "ಏನು ಶಟರಣ್ಣ, ನಮ್ಮ ಮನೆಗೂ ಒಂದು ಹಾಕಿಕೊಡ್ತೀರಾ?" ಅಂದಳು. ಆಚೆಯವರು ನನ್ನ ಜೊತೆ ಮಾತಾಡಿ ಎಷ್ಟು ಕಾಲವಾಗಿತ್ತು! ಏನೋ ಒಂದು ಹೇಳಿ ನಗಿಸಿದೆ.

ಗಡಿಯಾರದವನು ನಗಲಿಲ್ಲ. ಅವನ ಬಲಗೈ ಬೆರಳುಗಳು ಈಗಲೂ ಮಡಚುವುದಿಲ್ಲ. ಎಡಗೈಯಲ್ಲಿ ಲೋಟ ಹಿಡಿದು ಚಹಾ ಕುಡಿಯುತ್ತಾನೆ.

ಅವನು ಆಚೆಯವನು, ಅಂಗಡಿ ಇದ್ದದ್ದು ನಮ್ಮ ಬೀದಿಯಲ್ಲಿ, ನನ್ನ ಅಂಗಡಿಯಿಂದ ಮೂರನೆಯದು. ಹದಿನಾಲ್ಕು ವರ್ಷ ದಿನಾ ಹನ್ನೊಂದು ಗಂಟೆಗೆ ಒಟ್ಟಿಗೆ ಚಹಾ ಕುಡಿದಿದ್ದೇವೆ. ಗಲಾಟೆಯ ದಿನ ನಮ್ಮ ಕಡೆಯವರು ಅವನ ಅಂಗಡಿಗೆ ನುಗ್ಗಿದರು. ಅವನು ತಪ್ಪಿಸಿಕೊಂಡು ಓಡಿದ. ಬೀದಿಯಲ್ಲೇ ಹಿಡಿದು ಹೊಡೆದರು, ಕೈಯನ್ನು ಕಲ್ಲಿನ ಮೇಲಿಟ್ಟು ಜಜ್ಜಿದರು. ಅಕ್ಕಿ ಕಾಳಿಗಿಂತ ಸಣ್ಣ ಸ್ಕ್ರೂ ಹಿಡಿಯುತ್ತಿದ್ದ ಕೈ ಅದು.

ನಾನು ಅವತ್ತು ಬೇಗ ಅಂಗಡಿ ಮುಚ್ಚಿ ಮನೆಗೆ ಹೋಗಿದ್ದೆ. ಎಲ್ಲರಿಗೂ ಹಾಗೇ ಹೇಳಿದ್ದೇನೆ. ಇಲ್ಲೂ ಹಾಗೇ ಇರಲಿ.

ಮಾರ್ಚ್ 12, ಬುಧವಾರ

ಪಾತ್ರೆ ಅಂಗಡಿಯ ದೊಡ್ಡಣ್ಣ ಬಂದಿದ್ದ. ನಮ್ಮ ಬೀದಿಯ ವ್ಯಾಪಾರಿಗಳ ಸಂಘಕ್ಕೆ ಅವನೇ ಎಲ್ಲ. ಸ್ಟೂಲಿನ ಮೇಲೆ ಕೂತು ನನ್ನ ಸ್ಪ್ಯಾನರ್ ಎತ್ತಿ ತಿರುಗಿಸುತ್ತಾ, "ನಾಟಕ ಗೀಟಕ ಮಾಡ್ಕೊಳ್ಳಲಿ ಬಿಡು. ಮೇಲಿನವರು ಮಾಡಿ ಅಂತಾರೆ, ನಾವೂ ಹೂಂ ಅಂದಿದೀವಿ. ಆದ್ರೆ ನಮ್ಮವರ ಮರ್ಯಾದೆ ಹೋಗೋ ಹಾಗೆ ಒಂದು ಮಾತು ಬರಬಾರದು ಕಣಪ್ಪ. ನೀನು ಅಲ್ಲೇ ಇರ್ತೀಯಲ್ಲ, ಸ್ವಲ್ಪ ನೋಡ್ಕೋ," ಅಂದ.

ಆಯ್ತಣ್ಣ ಅಂದೆ. ಅವನು ಹೋದ ಮೇಲೆ ಸ್ಪ್ಯಾನರ್ ಒರೆಸಿ ಇಟ್ಟೆ. ಯಾಕೆ ಒರೆಸಿದೆನೋ ಗೊತ್ತಿಲ್ಲ.

ಮಾರ್ಚ್ 15, ಶನಿವಾರ

ನನ್ನ ನಾಲಿಗೆಗೆ ಬೆಂಕಿ ಬೀಳ.

ಇವತ್ತು ಶಟರ್ ಬಡಿಯುವ ದೃಶ್ಯ. ಒಬ್ಬ ಮನುಷ್ಯ ಜೀವ ಉಳಿಸಿಕೊಳ್ಳಲು ಓಡಿಬಂದು ಒಂದು ಅಂಗಡಿಯ ಶಟರ್ ಬಡಿಯುತ್ತಾನೆ, ಯಾರೂ ತೆಗೆಯುವುದಿಲ್ಲ. ಯಾರ ಕತೆ ಎಂದು ನಾಟಕದ ಪುಸ್ತಕದಲ್ಲಿ ಇಲ್ಲ. ನನಗೆ ಗೊತ್ತು. ಅವನಿಗೆ ಗೊತ್ತು. ನರ್ಸಮ್ಮ ಮುಷ್ಟಿಯಿಂದ ಢಬಢಬ ಹೊಡೆದಳು. ಮೇಡಂ, "ಚೆನ್ನಾಗಿದೆ," ಅಂದರು.

ಸುಮ್ಮನಿರಬೇಕಿತ್ತು. ಕೆಲಸ ಕೆಟ್ಟರೆ ನನಗೆ ಕೈ ಕಡಿಯುತ್ತದೆ, ಅದೇ ನನ್ನ ರೋಗ. "ಎಲ್ಲಿ ಚೆನ್ನಾಗಿದೆ? ಇದು ಬೀದಿಯಲ್ಲಿ ನಿಂತವನಿಗೆ ಕೇಳೋ ಸದ್ದು. ಈ ದೃಶ್ಯದಲ್ಲಿ ಕೇಳೋರು ಅಂಗಡಿ ಒಳಗೆ ಕೂತ ಹಾಗೆ ತಾನೇ? ಒಳಗೆ ಹೀಗೆ ಬರಲ್ಲ," ಅಂದೆ. ಶಟರಿನ ಹಿಂದೆ ಹೋಗಿ ನಿಂತು ತೋರಿಸಿದೆ. "ಬಡಿದಿದ್ದು ಎದುರಿಗಾದ್ರೂ ಸದ್ದು ತಲೆ ಮೇಲಿಂದ ಬರುತ್ತೆ. ಕೈ ನಿಂತ ಮೇಲೂ ಪಟ್ಟಿಗಳು ಝಲ್ ಅಂತ ಅಲ್ಲಾಡ್ತಾನೇ ಇರ್ತವೆ. ಮುಷ್ಟಿ ಅಲ್ಲ, ಮೊದಲು ಗೆಣ್ಣು. ಮೂರು ಸಲ. ಆಮೇಲೆ ಅಂಗೈ, ಎರಡು ಸಲ. ಎರಡನೇದು ಮೆತ್ತಗೆ."

ಹೇಳಿ ಮುಗಿಸಿದ ಮೇಲೆ ಕಿವಿಗೆ ಬಿತ್ತು ನಾನೇನು ಹೇಳಿದೆ ಎಂದು. ಮಗಳು ಜಲ್ಲಿಯ ಮೇಲೆ ಕಲ್ಲಿನಂತೆ ನಿಂತಿದ್ದಳು.

ಮೂಲೆಯಿಂದ ಗಡಿಯಾರದವನು, "ಸರಿಯಾಗಿದೆ. ಮೂರು ಗೆಣ್ಣು, ಎರಡು ಅಂಗೈ. ಬರ್ಕೊಳ್ಳಿ ಮೇಡಂ," ಅಂದ.

ಮೇಡಂ ಬರೆದುಕೊಂಡರು.

ಮಾರ್ಚ್ 16, ಭಾನುವಾರ

ಕೂತರೆ ಕೂರಲಾಗುತ್ತಿಲ್ಲ, ನಿಂತರೆ ನಿಲ್ಲಲಾಗುತ್ತಿಲ್ಲ. ಬೆಳಗ್ಗೆಯಿಂದ ಅಂಗಡಿಯನ್ನು ಎರಡು ಸಲ ಗುಡಿಸಿದೆ.

ಮಾರ್ಚ್ 20, ಗುರುವಾರ

ನಾಲ್ಕು ದಿನ ಅಭ್ಯಾಸಕ್ಕೆ ಹೋಗಿಲ್ಲ. ಊರಾಚೆ ಒಂದು ಗ್ಯಾರೇಜಿನ ಶಟರ್ ಹಾಳಾಗಿದೆ ಎಂದು ಅಲ್ಲಿಗೆ ಹೋಗುತ್ತಿದ್ದೇನೆ. ಎರಡು ಗಂಟೆಯ ಕೆಲಸವನ್ನು ನಾಲ್ಕು ದಿನ ಎಳೆದಿದ್ದಕ್ಕೆ ಗ್ಯಾರೇಜಿನವನು ಬೈದ. ಸರಿಯಾಗೇ ಬೈದ.

ದೊಡ್ಡಣ್ಣನ ಕಿವಿಗೆ ಬಿದ್ದಿದೆಯಾ? ನರ್ಸಮ್ಮ ಅವರ ಕಡೆಯಲ್ಲಿ ಹೇಳಿರಬಹುದಾ? ಗಡಿಯಾರದವನು ಯಾಕೆ ಸುಮ್ಮನಿದ್ದಾನೆ? ಬಂದು ಕೊರಳಪಟ್ಟಿ ಹಿಡಿದರೆ ಒಂದು ಸಮಾಧಾನ. ಕೊಟ್ಟರೆ ಒಂದೇಟು ತಿಂದು ಮುಗಿಸಬಹುದು. ತಲೆ ಚಿಟ್ಟು ಹಿಡಿದು ಹೋಗಿದೆ.

ಬೆಳಗ್ಗೆ ಮಗಳು ಚಪ್ಪಲಿ ಹಾಕಿಕೊಳ್ಳುತ್ತಾ, "ಇವತ್ತೂ ಬರಲ್ವಾ?" ಅಂದಳು. ನನ್ನ ಕಡೆ ನೋಡದೆ. ಕೆಲಸ ಇದೆ ಅಂದೆ.

"ಶಟರ್ ಕೀರ್ ಅಂತಿದೆ. ಬೇರೆಯವರಿಗೆ ಅದು ಬರಲ್ಲ," ಅಂದಳು.

ಅವಳಾಗಿಯೇ ಏನಾದರೂ ಕೇಳಿ ಎಷ್ಟು ದಿನವಾಯಿತು! ಸಂತೋಷಪಡಬೇಕೋ ಹೆದರಬೇಕೋ ತಿಳಿಯಲಿಲ್ಲ.

ಮಾರ್ಚ್ 22, ಶನಿವಾರ

ಹೋದೆ. ಶಟರ್ ಓಡುವ ಗೈಡಿಗೆ ಎಣ್ಣೆ ಬಿಡುತ್ತಾ ನೆಲಕ್ಕೆ ಬಗ್ಗಿದ್ದೆ. ಎಲ್ಲರೂ ಹೊರಗೆ ಚಹಾ ಕುಡಿಯುತ್ತಿದ್ದರು. ಪಕ್ಕದಲ್ಲಿ ಎರಡು ಕಾಲು ಬಂದು ನಿಂತವು. ತಲೆ ಎತ್ತಲಿಲ್ಲ.

"ಬಡಿದ ಸದ್ದು ಚೆನ್ನಾಗಿ ಬಂದಿದೆ," ಅಂದ ಗಡಿಯಾರದವನು. "ಆಮೇಲಿನ ಸದ್ದು ಎಲ್ಲಿ?"

"ಯಾವ ಸದ್ದು?"

"ಬೇಡ ಕಣಯ್ಯ. ನನ್ನ ಹತ್ತಿರ ಬೇಡ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಇಡೀ ದಿನ ಮುಳ್ಳಿನ ಟಿಕ್ ಟಿಕ್ ಕೇಳ್ಕೊಂಡು ಬದುಕಿದವನು ನಾನು. ಚಿಲಕ ಬಿದ್ದಿದ್ದು ನನಗೆ ಕೇಳ್ಸಲ್ಲ ಅಂದ್ಕೊಂಡ್ಯಾ?"

ಎಣ್ಣೆ ಡಬ್ಬಿ ಕೈಜಾರಿತು. ಎತ್ತಿಕೊಳ್ಳಲಿಲ್ಲ.

"ಮೂರು ವರ್ಷ ಯಾರಿಗೂ ಯಾಕೆ ಹೇಳಲಿಲ್ಲ?" ಅಂದೆ.

"ಹೇಳಿದ್ರೆ ನಮ್ಮವರು ಬಂದು ನಿನ್ನ ಅಂಗಡಿ ಸುಡ್ತಿದ್ರು. ಅವತ್ತು ನಿನ್ನ ಪುಟ್ಟಿ ಊಟದ ಡಬ್ಬಿ ಹಿಡ್ಕೊಂಡು ಅಂಗಡಿಗೆ ಹೋಗಿದ್ದನ್ನ ನಾನು ನೋಡಿದ್ದೆ. ಮಗು ಒಳಗಿದೆ ಅಂತ ಗೊತ್ತಿತ್ತು. ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಏನು ಮಾಡ್ತಿದ್ದೆನೋ, ನನಗೂ ಗೊತ್ತಿಲ್ಲ." ಬಿದ್ದ ಎಣ್ಣೆ ಡಬ್ಬಿಯನ್ನು ಎಡಗೈಯಲ್ಲಿ ಎತ್ತಿ ನಿಲ್ಲಿಸಿದ. "ಆದ್ರೆ ಆ ಸದ್ದನ್ನ ನಾನೊಬ್ಬನೇ ಕೇಳ್ತಾ ಕೇಳ್ತಾ ಸಾಕಾಗಿದೆ. ನಾಟಕದಲ್ಲಿ ಅದು ಬರಬೇಕು. ನೀನೇ ಮಾಡಬೇಕು. ಪರದೆ ಇದೆ, ಯಾರಿಗೂ ಕಾಣಲ್ಲ."

ಅಷ್ಟು ಹೇಳಿ ಹೊರಗೆ ಹೋದ. ನಾನು ಅಲ್ಲೇ ಬಗ್ಗಿಕೊಂಡೇ ಇದ್ದೆ. ಬೆನ್ನು ಹಿಡಿದುಕೊಂಡಿತು.

ಮಾರ್ಚ್ 23, ಭಾನುವಾರ

ಬರೆದುಬಿಡುತ್ತೇನೆ. ಇದನ್ನು ಓದುವವರು ಯಾರಿದ್ದಾರೆ?

ನಾನು ಮನೆಗೆ ಹೋಗಿರಲಿಲ್ಲ. ಮಧ್ಯಾಹ್ನ ಮಗಳು ಊಟ ತಂದಿದ್ದಳು. ಆಗ ಅವಳಿಗೆ ಹನ್ನೆರಡು. ಬೀದಿಯ ತುದಿಯಲ್ಲಿ ಗದ್ದಲ ಎದ್ದಿತು. ಶಟರ್ ಕೆಳಗೆ ಎಳೆದೆ, ಚಿಲಕ ಹಾಕಲಿಲ್ಲ. ಅವಳನ್ನು ಮನೆಗೆ ಕರೆದುಕೊಂಡು ಓಡುವ ಯೋಚನೆಯಿತ್ತು. ಅಷ್ಟರಲ್ಲಿ ಕತ್ತಲೆ ಅಂಗಡಿಯಲ್ಲಿ ಆ ಸದ್ದು. ಮೂರು ಸಲ ಗೆಣ್ಣು. ಅವನೇ ಎಂದು ತಕ್ಷಣ ಗೊತ್ತಾಯಿತು. ಚಹಾಕ್ಕೆ ಕರೆಯಲು ಬರುವಾಗ ಹಾಗೇ ಬಡಿಯುತ್ತಿದ್ದ. ಆಮೇಲೆ ಅಂಗೈ. ಹೆಸರು ಕೂಗಲಿಲ್ಲ. ಕೂಗಿದರೆ ಹಿಂದೆ ಬರುವವರಿಗೆ ಕೇಳಿಸುತ್ತದೆ ಎಂದಿರಬೇಕು.

ಶಟರಿಗೆ ಚಿಲಕ ಹಾಕಿರಲಿಲ್ಲ. ಅವನು ಎತ್ತಿದ್ದರೆ ಎದ್ದುಬಿಡುತ್ತಿತ್ತು. ಎತ್ತಲಿಲ್ಲ, ಬಡಿದ. ಅಂಥ ಹೊತ್ತಲ್ಲೂ ನನ್ನ ಅಂಗಡಿಗೆ ಕೇಳಿಯೇ ಒಳಗೆ ಬರಬೇಕು ಅಂದುಕೊಂಡ. ನಾನು ಚಿಲಕ ಹಾಕಿದೆ.

ಮಗಳಿಗಾಗಿ ಹಾಕಿದೆ ಎಂದು ಮೂರು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳಲ್ಲ. ಆದರೆ ಅವಳು ಇಲ್ಲದಿದ್ದರೂ ಹಾಕುತ್ತಿದ್ದೆನಾ? ಹಾಕುತ್ತಿದ್ದೆ ಅನ್ನಿಸುತ್ತದೆ. ಹೆದರಿದ್ದೆ. ಅಷ್ಟೇ ಇರುವುದು, ಹೆದರಿದ್ದೆ.

ಇವತ್ತು ಮಧ್ಯಾಹ್ನ ಊಟಕ್ಕೆ ಕೂತು ಅನ್ನ ಕಲಸುತ್ತಲೇ ಇದ್ದೆ. "ಏನ್ರೀ, ಹುಷಾರಿಲ್ವಾ?" ಅಂದಳು ಹೆಂಡತಿ. ಮಗಳು ನನ್ನ ತಟ್ಟೆಯನ್ನೇ ನೋಡುತ್ತಿದ್ದಳು.

ಮಾರ್ಚ್ 27, ಗುರುವಾರ

ಚೌಕಟ್ಟಿಗೆ ಚಿಲಕ ಕೂರಿಸಿದೆ. ನನ್ನ ಅಂಗಡಿಯದನ್ನೇ ಬಿಚ್ಚಿ ತಂದೆ. ಹೊಸದರಲ್ಲಿ ಆ ಸದ್ದು ಬರುವುದಿಲ್ಲ.

ಮೇಡಂ ಏನೂ ಕೇಳಲಿಲ್ಲ. ಹತ್ತು ಬೆರಳು ಮಡಿಸುವಷ್ಟು ಹೊತ್ತು ಪೂರ್ತಿ ಮೌನ, ಆಮೇಲೆ ಜನ ಓಡಿಬರುವ ಸದ್ದು ಎಂದು ಪುಸ್ತಕದಲ್ಲಿ ಬರೆದುಕೊಂಡರು. ಮೊದಲ ಸಲ ಹಾಕುವಾಗ ಚಿಲಕ ಅರ್ಧಕ್ಕೇ ನಿಂತಿತು. "ಅವತ್ತು ಇಷ್ಟು ನಿಧಾನ ಇರಲಿಲ್ಲ," ಅಂದ ಗಡಿಯಾರದವನು ಶಟರಿನ ಆಚೆಯಿಂದ. ನರ್ಸಮ್ಮ ನಕ್ಕುಬಿಟ್ಟಳು, ತಮಾಷೆ ಎಂದುಕೊಂಡಿರಬೇಕು. ನನಗೂ ನಗು ಬಂತು. ಎಂಥ ನಗುವೋ ಅದು.

ಏಪ್ರಿಲ್ 2, ಬುಧವಾರ

ದೊಡ್ಡಣ್ಣ ದಾರಿಯಲ್ಲಿ ಸಿಕ್ಕಿ, "ಎಲ್ಲ ಸರಿ ಇದೆ ತಾನೇ?" ಅಂದ. ಭಾನುವಾರ ನಾಟಕ, ಬಂದು ಕೇಳಿ ಅಣ್ಣ ಅಂದೆ. ಮಾತು ಸ್ವಲ್ಪ ಬಿರುಸಾಯಿತೋ ಏನೋ. ನಿಂತು ನೋಡಿದ. ನಾನು ನಿಲ್ಲಲಿಲ್ಲ.

ಪರದೆ ಇದೆ. ಹೆಸರು ಇಲ್ಲ. ಯಾರಿಗೂ ಗೊತ್ತಾಗುವುದಿಲ್ಲ. ಇದನ್ನು ದಿನಕ್ಕೆ ಇಪ್ಪತ್ತು ಸಲ ಹೇಳಿಕೊಳ್ಳುತ್ತಿದ್ದೇನೆ. ಗೊತ್ತಾದರೆ ಆಚೆಯವರಿಗೆ ನಾನು ಕಟುಕ, ಈಚೆಯವರಿಗೆ ಮನೆಮುರುಕ. ಈ ಬೀದಿಯಲ್ಲಿ ಇನ್ನು ಯಾರ ಶಟರ್ ಮುಟ್ಟಲೂ ಬಿಡುವುದಿಲ್ಲ.

ಏಪ್ರಿಲ್ 6, ಭಾನುವಾರ

ಮನೆಗೆ ಬಂದು ಕೈಕಾಲು ತೊಳೆದವನೇ ಬರೆಯಲು ಕೂತಿದ್ದೇನೆ.

ನಾಲ್ಕು ಗಂಟೆಗೇ ಗೋದಾಮು ತುಂಬಿತು. ಪರದೆಯ ಸಂದಿಯಲ್ಲಿ ನೋಡಿದೆ. ಎಡಕ್ಕೆ ನಾವು, ಬಲಕ್ಕೆ ಅವರು, ನಡುವೆ ಒಂದು ಎತ್ತಿನ ಗಾಡಿ ಹೋಗುವಷ್ಟು ಜಾಗ. ಮುಂದಿನ ಸಾಲಿನಲ್ಲಿ ದೊಡ್ಡಣ್ಣ, ತೋಳು ಕಟ್ಟಿಕೊಂಡು. ಅವನ ಹಿಂದಿನ ಸಾಲಿನಲ್ಲಿ ನನ್ನ ಹೆಂಡತಿ.

ಶುರುವಿನಲ್ಲಿ ಸಂತೆಯ ಬೆಳಗು. ಸೈಕಲ್ ಗಂಟೆ, ನೀರು ಎರಚುವುದು, ಚೌಕಾಸಿ, ಚಹಾ ಲೋಟದ ಸದ್ದು. ಜನ ನಕ್ಕರು, ಎರಡೂ ಕಡೆಯವರೂ, ಒಂದೇ ಮಾತಿಗೆ. ಆಮೇಲೆ ಮೊದಲ ಕಲ್ಲು. ನಗು ನಿಂತಿತು. ನರ್ಸಮ್ಮ ತಾನು ಅವತ್ತು ಯಾರ ಗಾಯಕ್ಕೆಲ್ಲ ಬಟ್ಟೆ ಕಟ್ಟಿದೆ ಎಂದು ಹೇಳುತ್ತಾ ಹೋದಳು. ಯಾವ ಕಡೆಯವರು ಎಂದು ಹೇಳಲಿಲ್ಲ, ತಲೆ, ಮೊಣಕಾಲು, ಕಣ್ಣು ಎಂದಷ್ಟೇ ಹೇಳಿದಳು. ಸಭೆಯಲ್ಲಿ ಯಾರೋ ಮೂಗೆಳೆದುಕೊಳ್ಳುವುದು ಕೇಳಿಸಿತು.

ಮಗಳು ಜಲ್ಲಿಯ ಮೇಲೆ ಓಡಿದಳು. ಓಟ ಹತ್ತಿರ ಹತ್ತಿರ ಬಂದು ನಿಂತಿತು. ಅವಳು ಸದ್ದಾಗದಂತೆ ತಟ್ಟೆಯಿಂದ ಇಳಿದು ನನ್ನ ಪಕ್ಕಕ್ಕೆ ಬಂದಳು, ಶಟರಿನ ಒಳಗಡೆಗೆ. ಆಚೆ ಗಡಿಯಾರದವನು. ಅವನು ಎಡಗೈಯಿಂದ ಬಡಿದ. ಮೂರು ಸಲ ಗೆಣ್ಣು, ಎರಡು ಸಲ ಅಂಗೈ. ಪಟ್ಟಿಗಳು ಅಲ್ಲಾಡಿ ನಿಂತವು.

ನಾನು ಚಿಲಕ ಹಾಕಿದೆ. ಒಂದೇ ಏಟಿಗೆ, ಪೂರ್ತಿ.

ಮೇಡಂ ಬೆರಳು ಮಡಿಸತೊಡಗಿದರು. ಒಂದು. ಎರಡು. ಮೂರು.

"ಗಡಿಯಾರದ ಮಾಮಾ!"

ಮಗಳು. ಪುಸ್ತಕದಲ್ಲಿ ಇದು ಇಲ್ಲ. ಇಡೀ ಬೀದಿಯಲ್ಲಿ ಅವನನ್ನು ಹಾಗೆ ಕರೆಯುವವಳು ಇವಳೊಬ್ಬಳೇ, ಅದು ಎಲ್ಲರಿಗೂ ಗೊತ್ತು. ಸಭೆಯಲ್ಲಿ ಗುಸುಗುಸು ಎದ್ದಿತು. "ಶಟರಣ್ಣನ ಮಗಳಲ್ವಾ ಅದು?" ಎಂದು ಒಂದು ಹೆಂಗಸಿನ ದನಿ. "ಏಯ್, ಏನಿದು?" ಎಂದು ದೊಡ್ಡಣ್ಣ. ಮೇಡಂ ಗಾಬರಿಯಾಗಿ ನನಗೆ ಕೈಸನ್ನೆ ಮಾಡಿದರು, ಅವಳನ್ನು ಸುಮ್ಮನಾಗಿಸಿ ಎಂದು. ನಾನು ಅವಳಿಂದ ಒಂದು ಮೊಳ ದೂರದಲ್ಲಿದ್ದೆ.

ಮೊನ್ನೆ ಎಲ್ಲ ಬರೆದೆ ಅಂದುಕೊಂಡೆ. ಒಂದನ್ನು ಬರೆದಿಲ್ಲ. ಅವತ್ತು ಚಿಲಕ ಹಾಕಿದ್ದು ನನ್ನ ಬಲಗೈ. ಎಡಗೈ ಮಗಳ ಬಾಯಿಯ ಮೇಲಿತ್ತು. ಗೆಣ್ಣಿನ ಸದ್ದಿಗೇ ಅವಳಿಗೂ ಗುರುತು ಸಿಕ್ಕಿತ್ತು. ಮಾಮಾ ಎಂದು ಕೂಗಲು ಹೊರಟಿದ್ದಳು, ಅರ್ಧಕ್ಕೇ ಮುಚ್ಚಿಬಿಟ್ಟೆ. ಹೊರಗೆ ಅವನನ್ನು ಎಳೆದರು, ಹೊಡೆದರು, ಎಲ್ಲ ಕೇಳಿಸಿತು. ಅದೆಲ್ಲ ಮುಗಿದು ಬೀದಿ ಖಾಲಿಯಾಗುವ ತನಕ ನಾನು ಕೈ ತೆಗೆಯಲಿಲ್ಲ. ಅವಳ ಕಣ್ಣೀರಿಗೆ ನನ್ನ ಅಂಗೈ ಒದ್ದೆಯಾಗಿತ್ತು. ಆಮೇಲೆ ಅವಳು ನನ್ನ ಜೊತೆ ಮಾತಾಡಲಿಲ್ಲ, ನಾನು ವಯಸ್ಸು ಅಂದುಕೊಂಡೆ.

ಇವತ್ತು ಆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. "ಕೂಗು ಮಗಳೇ," ಅಂದೆ.

ಅವಳು ನನ್ನ ಮುಖ ನೋಡಿದಳು. ಮತ್ತೆ ಕೂಗಿದಳು, ಮೊದಲಿಗಿಂತ ಜೋರಾಗಿ, ಕತ್ತಿನ ನರ ಉಬ್ಬುವ ಹಾಗೆ.

ಶಟರಿನ ಆಚೆ ಪಟ್ಟಿಗಳ ಮೇಲೆ ಅಂಗೈ ಒರಗಿದ ಸದ್ದು. ಆಮೇಲೆ, "ಹೂಂ ಪುಟ್ಟಿ. ಇಲ್ಲೇ ಇದೀನಿ," ಎಂದು ಅವನ ದನಿ ಬಂತು, ನಡುಗುತ್ತಾ.

ನಾನು ಅಲ್ಲೇ ನೆಲದ ಮೇಲೆ ಕುಸಿದು ಅತ್ತುಬಿಟ್ಟೆ, ಚಿಕ್ಕ ಮಕ್ಕಳ ಹಾಗೆ, ದನಿ ತೆಗೆದು. ಸಭೆಗೆಲ್ಲ ಕೇಳಿಸಿತು. ಕೇಳಿಸಲಿ.